ಕಬ್ಬಿಣದ ನೇಗಿಲಿನ ಲಕ್ಷ್ಮಣರಾವ್ ಕಿರ್ಲೋಸ್ಕರ್



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ನಿರ್ದೇಶಕರು ತಲಾ ಒಂದೊಂದು ಲೇಖನ ಬರೆದುಕೊಡಬೇಕು ಎಂದು ಕಾರ್ಯದರ್ಶಿಗಳು ತಿಳಿಸಿದಾಗ ನಮಗೆ ನಿಜಕ್ಕೂ ದಿಗಿಲಾಯಿತು. ನಾವು ಓದಿದ್ದು ಎಸ್.ಎಸ್.ಎಲ್.ಸಿ. ಅಲ್ಲಿಂದೀಚೆಗೆ ನಾವು ಪೆನ್ನು ಹಿಡಿದದ್ದು ತಾಲ್ಲೂಕು ಕಚೇರಿಗೆ ಅರ್ಜಿ ಬರೆಯಲಿಕ್ಕೆ, ಇಲ್ಲಾಂದ್ರೆ ಸಭೆಯ ನಡಾವಳಿಗೆ ಸಹಿ ಹಾಕಲಿಕ್ಕೆ. ಗೊಬ್ಬರದ ಬೆಲೆ, ನಾಲೆಯ ನೀರು ಇವುಗಳ ಬಗ್ಗೆ ಬರೆಯೋಣವೆಂದರೆ ಅದು ಎಲ್ಲರಿಗೂ ಗೊತ್ತಿದ್ದದ್ದೇ. ಕೊನೆಗೆ ನಮ್ಮ ಮನಸ್ಸಿನಲ್ಲಿ ಒಂದು ವರ್ಷದಿಂದ ಕೊರೆಯುತ್ತಿದ್ದ ಒಂದು ವಿಷಯವನ್ನೇ ಹಿಡಿದುಕೊಂಡು, ಒಬ್ಬ ದೊಡ್ಡ ಮನುಷ್ಯರ ಜೀವನವನ್ನು ತಿಳಿದಷ್ಟು ಬರೆಯಲು ಧೈರ್ಯ ಮಾಡಿದ್ದೇವೆ. ತಪ್ಪಿದ್ದರೆ ಓದುಗರು ಹೊಟ್ಟೆಗೆ ಹಾಕಿಕೊಳ್ಳಬೇಕು.

ವಿಷಯ ಇಷ್ಟೆ. ಕಳೆದ ವರ್ಷ ನಮ್ಮೂರಿನ ಒಬ್ಬ ಹುಡುಗನ ಸಾಲದ ಅರ್ಜಿ ಆಡಳಿತ ಮಂಡಳಿಯ ಮುಂದೆ ಬಂದಿತ್ತು. ಹೆಸರು ಇಲ್ಲಿ ಬೇಡ. ಐ.ಟಿ.ಐ. ಮಾಡಿ ದಾವಣಗೆರೆಯ ಒಂದು ವರ್ಕ್‌ಶಾಪಿನಲ್ಲಿ ಆರು ವರ್ಷ ದುಡಿದ ಹುಡುಗ. ಊರಲ್ಲೇ ಒಂದು ಲೇತ್, ಒಂದು ವೆಲ್ಡಿಂಗ್ ಮೆಷಿನ್ ಇಟ್ಟುಕೊಂಡು ರೋಟಾವೇಟರು, ಟ್ರೇಲರು, ಮೆಕ್ಕೆಜೋಳದ ಒಕ್ಕಣೆ ಯಂತ್ರ ಇವುಗಳ ರಿಪೇರಿ ಮಾಡುತ್ತೇನೆ, ಸಾಲ ಕೊಡಿ ಎಂದು ಕೇಳಿದ್ದ. ಜಮೀನು ಮುಕ್ಕಾಲು ಎಕರೆ, ಅದೂ ತಂದೆಯ ಹೆಸರಲ್ಲಿ, ಅದರ ಮೇಲೆ ಆಗಲೇ ಬೆಳೆ ಸಾಲ. ತಿಂಗಳಾದರೆ ಸಂಬಳ ಬರುವ ಕೆಲಸ ಬಿಟ್ಟು ಈ ಉಸಾಬರಿ ಇವನಿಗೆ ಯಾಕೆ ಅಂತ ಸಭೆಯಲ್ಲಿ ಮಾತು ಬಂತು. ಬೇಡ ಎನ್ನುವವರು ಕೈ ಎತ್ತಿ ಎಂದಾಗ ನಾವೂ ಎತ್ತಿದೆವು. ಸಂಘದ ಹಣ ಷೇರುದಾರರ ಹಣ, ಅದನ್ನು ಕಾಯುವುದು ನಮ್ಮ ಕರ್ತವ್ಯ ಎಂದು ಸಮಾಧಾನ ಮಾಡಿಕೊಂಡು ಮನೆಗೆ ಬಂದೆವು.

ಅದೇ ವಾರ ದಾವಣಗೆರೆಗೆ ಅಡಿಕೆ ಮಂಡಿ ಕೆಲಸದ ಮೇಲೆ ಹೋದವರು ಪಿ.ಜೆ. ಬಡಾವಣೆಯಲ್ಲಿರುವ ನಮ್ಮ ಸೋದರಮಾವನವರ ಮನೆಗೆ ಹೋದೆವು. ಮಾವನವರಿಗೆ ಈಗ ಎಂಬತ್ತರ ಆಸುಪಾಸು. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಟರ್ನರ್ ಆಗಿ ಕೆಲಸ ಮಾಡಿ ನಿವೃತ್ತರಾದವರು. ಊಟಕ್ಕೆ ಕೂತಾಗ ಸಭೆಯ ವಿಷಯ ಹೇಳಿದೆವು. ಮಾವ ಏನೂ ಅನ್ನಲಿಲ್ಲ. ಊಟ ಆದ ಮೇಲೆ ಕಿರ್ಲೋಸ್ಕರ್ ಕಂಪನಿ ಶುರು ಮಾಡಿದ ಮನುಷ್ಯ ಯಾರು, ಯಾವ ಊರಿನವನು ಗೊತ್ತೇನು ಅಂತ ಕೇಳಿದರು. ಪುಣೆಯ ಕಡೆಯ ಯಾರೋ ಸಾಹುಕಾರರು ಇರಬೇಕು ಎಂದೆವು. ಮಾವ ನಕ್ಕು, ಸಾಯಂಕಾಲದ ಬಸ್ಸು ತಪ್ಪುವ ತನಕ ಕಥೆ ಹೇಳಿದರು. ಆಮೇಲೆ ನಾವೂ ಅಲ್ಲಿ ಇಲ್ಲಿ ಓದಿ ತಿಳಿದುಕೊಂಡೆವು. ಅದನ್ನೇ ಈಗ ಬರೆಯುತ್ತಿದ್ದೇವೆ.

ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್ ಅವರು ಹುಟ್ಟಿದ್ದು 1869ರ ಜೂನ್ 20ರಂದು, ನಮ್ಮ ಬೆಳಗಾವಿ ಜಿಲ್ಲೆಯ ಸವದತ್ತಿ ಹತ್ತಿರದ ಗುರ್ಲಹೊಸೂರಿನಲ್ಲಿ. ಮನೆಮಾತು ಮರಾಠಿ, ಹುಟ್ಟಿದ ನೆಲ ಕನ್ನಡದ್ದು. ತಂದೆ ಕಾಶೀನಾಥಪಂತರು ವೇದಾಂತ ಬಲ್ಲ ಪಂಡಿತರು. ಅಂಥ ಮನೆಯ ಹುಡುಗ ಓದಿ ಗುಮಾಸ್ತನೋ ಮಾಸ್ತರನೋ ಆಗಬೇಕು, ಇಲ್ಲವೆಂದರೆ ಶಾಸ್ತ್ರ ಪಾಠ ಮಾಡಿಕೊಂಡಿರಬೇಕು, ಇದು ಆ ಕಾಲದ ರೀತಿ. ಈ ಹುಡುಗನಿಗೆ ಶಾಲೆಯ ಪಾಠ ಹಿಡಿಸಲಿಲ್ಲ. ಚಿತ್ರ ಬರೆಯುವುದು, ಇಲ್ಲವೆ ಯಾವುದಾದರೂ ಯಂತ್ರವನ್ನು ಬಿಚ್ಚಿ ಜೋಡಿಸುವುದು, ಇವೆರಡರಲ್ಲೇ ಮನಸ್ಸು. ಪ್ರತಿ ಊರಲ್ಲೂ ಇಂಥ ಒಬ್ಬ ಹುಡುಗ ಇರುತ್ತಾನೆ, ನಾವು ಅವನನ್ನು ಹಾಳಾದ ಅಂತ ಲೆಕ್ಕ ಹಾಕಿಬಿಡುತ್ತೇವೆ.

1885ರಲ್ಲಿ ಅವರು ಮುಂಬಯಿಯ ಜೆ.ಜೆ. ಕಲಾಶಾಲೆಗೆ ಸೇರಿದರು. ಚಿತ್ರಗಾರನಾಗಬೇಕು ಎಂಬ ಆಸೆ. ಅಲ್ಲಿ ಹೋದ ಮೇಲೆ ತಿಳಿದ ಸಂಗತಿ ಏನೆಂದರೆ ಅವರ ಕಣ್ಣಿಗೆ ಕೆಲವು ಬಣ್ಣಗಳ ಭೇದ ಗೊತ್ತಾಗುವುದಿಲ್ಲ. ಬಣ್ಣ ತಿಳಿಯದವನು ಚಿತ್ರ ಹೇಗೆ ಬರೆದಾನು? ಅಲ್ಲಿಗೆ ಆ ಬಾಗಿಲು ಮುಚ್ಚಿತು. ಆದರೆ ಗೆರೆ ಎಳೆಯುವುದಕ್ಕೆ ಬಣ್ಣ ಬೇಡ. ಯಂತ್ರಗಳ ನಕ್ಷೆ ಬರೆಯುವ ವಿದ್ಯೆಯನ್ನು ಗಟ್ಟಿಯಾಗಿ ಕಲಿತು, ಮುಂಬಯಿಯಲ್ಲಿ ಆಗ ಹೊಸದಾಗಿ ಶುರುವಾಗಿದ್ದ ವಿಕ್ಟೋರಿಯಾ ಜ್ಯುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಯಂತ್ರ ನಕ್ಷೆ ಹೇಳಿಕೊಡುವ ಉಪಾಧ್ಯಾಯರಾದರು. ಪಾಠ ಮುಗಿದ ಮೇಲೆ ಅಲ್ಲಿಯ ವರ್ಕ್‌ಶಾಪಿನಲ್ಲೇ ಕಾಲ ಕಳೆಯುತ್ತಿದ್ದರು. ಅಮೆರಿಕ, ಇಂಗ್ಲೆಂಡುಗಳಿಂದ ಬರುವ ಯಂತ್ರಗಳ ಪತ್ರಿಕೆಗಳನ್ನು ಓದುತ್ತಿದ್ದರು. ಎಂಜಿನಿಯರಿಂಗ್ ಪದವಿ ಅವರಿಗೆ ಇರಲಿಲ್ಲ, ಯಾವ ಕಾಲಕ್ಕೂ ಇರಲಿಲ್ಲ.

ಈ ನಡುವೆ 1888ರಲ್ಲಿ ಬೆಳಗಾವಿಯಲ್ಲಿ ಅಣ್ಣ ರಾಮಚಂದ್ರರಾಯರು, ಅಂದರೆ ಎಲ್ಲರೂ ಕರೆಯುತ್ತಿದ್ದಂತೆ ರಾಮುಅಣ್ಣನವರು, ತಮ್ಮನ ಜೊತೆ ಸೇರಿ ಒಂದು ಸೈಕಲ್ ಅಂಗಡಿ ತೆರೆದರು. ಕಿರ್ಲೋಸ್ಕರ್ ಬ್ರದರ್ಸ್ ಎಂಬ ಕಂಪನಿ ತನ್ನ ವಯಸ್ಸನ್ನು ಈ ವರ್ಷದಿಂದಲೇ ಲೆಕ್ಕ ಹಾಕುತ್ತದೆ. ತಮ್ಮ ಮುಂಬಯಿಯಿಂದ ಸೈಕಲ್ ಕಳಿಸುವುದು, ಅಣ್ಣ ಬೆಳಗಾವಿಯಲ್ಲಿ ಮಾರುವುದು. ಆಗ ಸೈಕಲ್ ಎಂದರೆ ಈಗಿನ ಕಾರಿಗಿಂತ ಹೆಚ್ಚಿನ ಷೋಕಿ. ಕೊಂಡವರಿಗೆ ಹತ್ತಿ ತುಳಿಯಲು ಬರುತ್ತಿರಲಿಲ್ಲವಾದ್ದರಿಂದ ಅದನ್ನು ಕಲಿಸಿಕೊಡುವುದೂ ಅಂಗಡಿಯವರ ಕೆಲಸವೇ ಆಗಿತ್ತು. ಈ ಮಾತು ನಮಗೆ ಬಹಳ ಹಿಡಿಸಿತು. ಹೊಸ ಸಾಮಾನು ಮಾರುವವನು ಅದರ ಬಳಕೆಯನ್ನೂ ಕಲಿಸಬೇಕು ಎಂಬ ಪಾಠ ಅಣ್ಣ ತಮ್ಮಂದಿರಿಗೆ ಸೈಕಲ್ಲಿನಿಂದಲೇ ಬಂದಿರಬೇಕು. ಮುಂದೆ ನೇಗಿಲು ಮಾರುವಾಗ ಇದೇ ಅವರನ್ನು ಉಳಿಸಿತು.

ಮುಂಬಯಿಯ ಕೆಲಸ ಸುಖವಾಗಿಯೇ ನಡೆದಿತ್ತು. 1897ರ ಸುಮಾರಿಗೆ ಅಲ್ಲಿ ಬಡ್ತಿಯ ಸಂದರ್ಭ ಬಂತು. ಲಕ್ಷ್ಮಣರಾಯರಿಗೆ ಬರಬೇಕಾಗಿದ್ದ ಜಾಗವನ್ನು ಒಬ್ಬ ಆಂಗ್ಲೋ ಇಂಡಿಯನ್ನರಿಗೆ ಕೊಟ್ಟರು. ಬ್ರಿಟಿಷರ ಕಾಲ, ಕೇಳುವ ಹಾಗಿಲ್ಲ. ಇವರು ಕೇಳಲೂ ಇಲ್ಲ, ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದುಬಿಟ್ಟರು. ಆಗ ಅವರಿಗೆ 28ರ ಪ್ರಾಯ. ಹೆಂಡತಿ ರಾಧಾಬಾಯಿಯವರು, ಸಂಸಾರ ಎಲ್ಲಾ ಇತ್ತು.

ಮನುಷ್ಯ ಉದ್ಯಮಕ್ಕೆ ಯಾಕೆ ಇಳಿಯುತ್ತಾನೆ ಅಂತ ಕೇಳಿದರೆ ನಮ್ಮ ಕಡೆ ಸಾಮಾನ್ಯವಾಗಿ ಎರಡು ಉತ್ತರ. ಒಂದು, ದುಡ್ಡಿದ್ದವನು ಇನ್ನೂ ದುಡ್ಡು ಮಾಡಲಿಕ್ಕೆ ಇಳಿಯುತ್ತಾನೆ. ಇನ್ನೊಂದು, ಬೇರೆ ಗತಿ ಇಲ್ಲದವನು ಹೊಟ್ಟೆಪಾಡಿಗೆ ಇಳಿಯುತ್ತಾನೆ. ಲಕ್ಷ್ಮಣರಾಯರನ್ನು ಈ ಎರಡರಲ್ಲಿ ಯಾವುದಕ್ಕೆ ಸೇರಿಸುವುದು? ದುಡ್ಡಿರಲಿಲ್ಲ. ಗತಿ ಇಲ್ಲದವರೂ ಅಲ್ಲ, ಸರ್ಕಾರಿ ರೀತಿಯ ಕೆಲಸ ಕೈಯಲ್ಲೇ ಇತ್ತು, ತಲೆ ಬಗ್ಗಿಸಿಕೊಂಡು ಇದ್ದಿದ್ದರೆ ಪಿಂಚಣಿ ತನಕ ನಡೆಯುತ್ತಿತ್ತು. ಅವಮಾನಕ್ಕೆ ಸಿಟ್ಟಾಗಿ ಬಂದರು ಎನ್ನಬಹುದು. ಆದರೆ ಅವಮಾನ ಆದವರೆಲ್ಲಾ ಕಾರ್ಖಾನೆ ಕಟ್ಟುವುದಿಲ್ಲ, ಮುಕ್ಕಾಲು ಪಾಲು ಜನ ಕಟ್ಟೆ ಮೇಲೆ ಕೂತು ಬೈಯುತ್ತಾ ಕಾಲ ಕಳೆಯುತ್ತಾರೆ. ನಮಗೆ ತೋಚುವುದು ಹೀಗೆ. ಕೈಯಲ್ಲಿ ಏನೋ ಒಂದು ತಯಾರು ಮಾಡಬೇಕೆಂಬ ತುಡಿತ ಅವರಿಗೆ ಹುಡುಗತನದಿಂದಲೂ ಇತ್ತು. ಸಂಬಳ ಆ ತುಡಿತವನ್ನು ಕಟ್ಟಿಹಾಕಿತ್ತು. ಅವಮಾನ ಬಂದು ಆ ಹಗ್ಗ ಬಿಚ್ಚಿತು, ಅಷ್ಟೆ.

ಇಲ್ಲಿ ನಮ್ಮದೇ ಒಂದು ಮಾತು ಹೇಳಬೇಕು. ಸುಮಾರು ಇಪ್ಪತ್ತು ವರ್ಷದ ಹಿಂದೆ ನಾವೂ ಒಂದು ಹಿಟ್ಟಿನ ಗಿರಣಿ ಹಾಕಿದ್ದೆವು. ಎರಡೇ ವರ್ಷಕ್ಕೆ ಮೋಟರು ಮಾರಿ ಕೈ ತೊಳೆದುಕೊಂಡೆವು. ಯಾಕೆ ಹಾಕಿದ್ದೆವು ಎಂದರೆ ಪಕ್ಕದೂರಿನ ಗಿರಣಿ ಮುಂದೆ ಹೆಂಗಸರು ಡಬ್ಬಿ ಹಿಡಿದು ಸಾಲಾಗಿ ನಿಂತದ್ದನ್ನು ನೋಡಿ. ಗಿರಣಿಯ ಕಲ್ಲು ಯಾವಾಗ ಕುಟ್ಟಿಸಬೇಕು, ಹಿಟ್ಟು ಯಾಕೆ ಬಿಸಿಯಾಗುತ್ತೆ ಅನ್ನುವುದು ನಮಗೆ ಗೊತ್ತಿರಲಿಲ್ಲ, ತಿಳಿದುಕೊಳ್ಳುವ ಆಸೆಯೂ ಇರಲಿಲ್ಲ. ಕರೆಂಟ್ ಹೋದರೆ ನಮಗೆ ಒಳಗೊಳಗೇ ಖುಷಿ ಆಗುತ್ತಿತ್ತು, ಹೊಲದ ಕಡೆ ಹೋಗಬಹುದಲ್ಲ ಎಂದು. ಅಂಥವರಿಗೆ ಗಿರಣಿ ಹೇಗೆ ದಕ್ಕೀತು!

ಬೆಳಗಾವಿಗೆ ಬಂದ ಲಕ್ಷ್ಮಣರಾಯರು ಒಂದು ಸಣ್ಣ ವರ್ಕ್‌ಶಾಪು ಇಟ್ಟರು. ಮೊದಲಿಗೆ ಮಾಡಿದ್ದು ಮೇವು ಕತ್ತರಿಸುವ ಯಂತ್ರ. ಜೋಳದ ಸೊಪ್ಪೆಯನ್ನು ಇಡಿಯಾಗಿ ಹಾಕಿದರೆ ದನ ಎಲೆ ತಿಂದು ದಂಟು ತುಳಿದು ಬಿಡುತ್ತವೆ, ಕತ್ತರಿಸಿ ಹಾಕಿದರೆ ವ್ಯರ್ಥ ಕಡಿಮೆ. ಇದನ್ನು ದನ ಕಟ್ಟಿದ ಯಾರಿಗೂ ಹೇಳಬೇಕಾಗಿಲ್ಲ. ಆಮೇಲೆ ಅವರ ಗಮನ ಹೋದದ್ದು ನೇಗಿಲಿನ ಕಡೆಗೆ. ನಮ್ಮ ಮರದ ನೇಗಿಲು ನೆಲವನ್ನು ಗೀರುತ್ತದೆ, ಮಣ್ಣು ಮಗುಚುವುದಿಲ್ಲ. ಎರಡು ಸಾಲಿನ ನಡುವೆ ಉಳದ ಮಣ್ಣು ಉಳಿದೇ ಹೋಗುತ್ತದೆ, ಅದಕ್ಕೇ ಉದ್ದಕ್ಕೊಂದು ಸಲ ಅಡ್ಡಕ್ಕೊಂದು ಸಲ ಹೊಡೆಯಬೇಕು. ಎರೆ ಭೂಮಿಯಲ್ಲಿ ಗರಿಕೆ ಬಿದ್ದರಂತೂ ಮರದ ನೇಗಿಲು ಏನೂ ಮಾಡಲಾರದು. ಕಬ್ಬಿಣದ ನೇಗಿಲಿಗೆ ಮಣ್ಣು ಮಗುಚುವ ರೆಕ್ಕೆ ಇದೆ, ಬೇರು ಸಮೇತ ಮೇಲೆ ಹಾಕುತ್ತದೆ, ಬಿಸಿಲಿಗೆ ಬೇರು ಸಾಯುತ್ತದೆ. ವಿಲಾಯಿತಿಯಿಂದ ಇಂಥ ನೇಗಿಲು ಬರುತ್ತಿದ್ದವು. ಅದನ್ನು ಇಲ್ಲೇ, ನಮ್ಮ ಎತ್ತಿಗೆ ನಮ್ಮ ನೆಲಕ್ಕೆ ಹೊಂದುವ ಹಾಗೆ ಯಾಕೆ ಮಾಡಬಾರದು ಎಂದು 1903ರ ಸುಮಾರಿಗೆ ನೇಗಿಲು ತಯಾರಿಸಿದರು.

ನೇಗಿಲು ತಯಾರಾಯಿತು, ಕೊಳ್ಳುವವರೇ ಇಲ್ಲ. ಕಬ್ಬಿಣ ತಾಕಿದರೆ ಭೂಮಿಗೆ ವಿಷ ಏರುತ್ತದೆ ಎಂದು ರೈತರು ನಂಬಿದ್ದರು. ಮೊದಲ ನೇಗಿಲು ಮಾರಾಟವಾಗಲಿಕ್ಕೆ ಎರಡು ವರ್ಷ ಹಿಡಿಯಿತು. ಎರಡು ವರ್ಷ! ಬಾಡಿಗೆ, ಕಲ್ಲಿದ್ದಲು, ಆಳುಗಳ ಕೂಲಿ ಇವು ಯಾವುವೂ ಮಾರಾಟಕ್ಕೆ ಕಾಯುವುದಿಲ್ಲ.

ಈ ಸಂಗತಿ ಬರೆದವರೆಲ್ಲಾ ರೈತರ ಮೂಢನಂಬಿಕೆ ಎಂದು ಬರೆಯುತ್ತಾರೆ. ರೈತರಾಗಿ ನಾವು ಅದನ್ನು ಪೂರ್ತಿ ಒಪ್ಪಲಾರೆವು. ಮರದ ನೇಗಿಲನ್ನು ಊರ ಬಡಿಗೇರನು ಆಯದ ಕಾಳಿಗೆ ಮಾಡಿಕೊಡುತ್ತಿದ್ದ, ಮುರಿದರೆ ಅದೇ ದಿನ ಸರಿಮಾಡಿಕೊಡುತ್ತಿದ್ದ. ಕಬ್ಬಿಣದ್ದಕ್ಕೆ ರೊಕ್ಕ ಕೊಡಬೇಕು. ಹಸಿ ಆರುವ ಮುಂಚೆ ಉತ್ತು ಬಿತ್ತಬೇಕಾದ ನಾಲ್ಕು ದಿನದಲ್ಲಿ ಅದರ ಕುಳ ಮುರಿದರೆ ಬೆಳಗಾವಿಗೆ ಓಡಬೇಕೇನು? ಒಂದು ಹಂಗಾಮು ತಪ್ಪಿದರೆ ರೈತನಿಗೆ ಒಂದು ವರ್ಷ ಹೋಯಿತು. ವಿಷ ಅಂದದ್ದು ಬಾಯಿಮಾತು, ಒಳಗಿದ್ದದ್ದು ಈ ಅಂಜಿಕೆ ಇರಬಹುದು. ನಾವು ಸಭೆಯಲ್ಲಿ ಕೈ ಎತ್ತಿದ್ದೂ ಇಂಥದೇ ಅಂಜಿಕೆಯಿಂದ. ಲಕ್ಷ್ಮಣರಾಯರ ದೊಡ್ಡತನ ಏನೆಂದರೆ ಅವರು ರೈತರನ್ನು ಹಳಿಯುತ್ತಾ ಕೂರಲಿಲ್ಲ. ನೇಗಿಲನ್ನು ಒಯ್ದು ಉತ್ತು ತೋರಿಸುವುದು, ಎಲ್ಲಿ ಸವೆಯುತ್ತದೆ ಎಲ್ಲಿ ಮುರಿಯುತ್ತದೆ ನೋಡಿ ಎರಕ ಸುಧಾರಿಸುವುದು, ಇದನ್ನೇ ಹಿಡಿದು ಮಾಡಿದರು. ನಿಧಾನಕ್ಕೆ ನೇಗಿಲು ನಡೆಯಲು ಶುರುವಾಯಿತು.

ನೆನಪಿಗೆ ಬಂದದ್ದನ್ನು ಇಲ್ಲೇ ಬರೆಯುತ್ತೇವೆ. ಇದೇ ಹೊತ್ತಿಗೆ, 1905ರಲ್ಲಿ, ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ನಮ್ಮ ಸಹಕಾರ ಚಳವಳಿಗೆ ಅದೇ ಮೂಲ. ಬೆಳಗಾವಿಗೂ ಗದಗಿಗೂ ಏನು ಮಹಾ ದೂರ! ಒಬ್ಬರು ರೈತನಿಗೆ ಸಾಲದ ದಾರಿ ತೋರಿಸುತ್ತಿದ್ದರು, ಇನ್ನೊಬ್ಬರು ನೇಗಿಲು ಮಾಡುತ್ತಿದ್ದರು. ಒಬ್ಬರ ಸಂಗತಿ ಒಬ್ಬರಿಗೆ ತಿಳಿದಿತ್ತೋ ಇಲ್ಲವೋ, ಒಂದೇ ಸೀಮೆಯಲ್ಲಿ ಎರಡು ಕೆಲಸ ಒಟ್ಟಿಗೆ ನಡೆದವು.

ನೇಗಿಲು ಕೈ ಹಿಡಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಪೆಟ್ಟು. ಬೆಳಗಾವಿ ಊರು ಬೆಳೆಯುತ್ತಿತ್ತು. ವರ್ಕ್‌ಶಾಪು ಇದ್ದ ಜಾಗ ಬಡಾವಣೆಗೆ ಬೇಕು, ಖಾಲಿ ಮಾಡಿ ಎಂದು ಪುರಸಭೆಯಿಂದ ನೋಟೀಸು ಬಂತು. ಮನೆ ಖಾಲಿ ಮಾಡುವುದೇ ಕಷ್ಟ, ಕುಲುಮೆ, ಎರಕದ ಮನೆ, ಯಂತ್ರಗಳನ್ನೆಲ್ಲಾ ಎತ್ತಿಕೊಂಡು ಎಲ್ಲಿಗೆ ಹೋಗುವುದು? ಆಗ ಕೈ ಹಿಡಿದವರು ಔಂಧ ಎಂಬ ಪುಟ್ಟ ಸಂಸ್ಥಾನದ ರಾಜರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು. ಸೂರ್ಯನಮಸ್ಕಾರವನ್ನು ಜನರಲ್ಲಿ ಹರಡಿದವರು ಇವರೇ. ಇವರೂ ಚಿತ್ರ ಬರೆಯುತ್ತಿದ್ದರು. 1939ರಲ್ಲಿ ಗಾಂಧೀಜಿಯವರ ಸಲಹೆಯಂತೆ ತಮ್ಮ ಅಧಿಕಾರವನ್ನು ಪ್ರಜೆಗಳಿಗೆ ಒಪ್ಪಿಸಿದ ರಾಜರೂ ಇವರೇ. ತಮ್ಮ ಸೀಮೆಗೆ ಬಂದು ಕಾರ್ಖಾನೆ ಮಾಡಿ ಎಂದು ಕರೆದು, 10,000 ರೂಪಾಯಿ ಬಡ್ಡಿಯಿಲ್ಲದ ಸಾಲವನ್ನೂ, ಕುಂಡಲ್ ರೋಡ್ ಎಂಬ ರೈಲ್ವೆ ಸ್ಟೇಷನ್ ಹತ್ತಿರ 32 ಎಕರೆ ಜಮೀನನ್ನೂ ಕೊಟ್ಟರು.

ಜಮೀನು ಅಂದ ತಕ್ಷಣ ಹಸಿರು ಹೊಲ ಎಂದುಕೊಳ್ಳಬೇಡಿ. ಬರೀ ಪಾಪಾಸುಕಳ್ಳಿ, ಕಳ್ಳಿಯೊಳಗೆ ನಾಗರಹಾವು. ನೀರಿಗೂ ಕಷ್ಟ. ಒಂದೇ ಅನುಕೂಲವೆಂದರೆ ರೈಲು. ಕಲ್ಲಿದ್ದಲು, ಬೀಡು ಕಬ್ಬಿಣ ಒಳಗೆ ಬರಲಿಕ್ಕೆ, ನೇಗಿಲು ಹೊರಗೆ ಹೋಗಲಿಕ್ಕೆ ರೈಲು ಬೇಕೇ ಬೇಕು. 1910ರಲ್ಲಿ ಸುಮಾರು 25 ಜನ ಕೆಲಸಗಾರರು ತಮ್ಮ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಲಕ್ಷ್ಮಣರಾಯರ ಜೊತೆ ಅಲ್ಲಿಗೆ ಹೋದರು. ಕಳ್ಳಿ ಕಡಿದರು, ಶೆಡ್ಡು ಎಬ್ಬಿಸಿದರು, ಮನೆ ಕಟ್ಟಿಕೊಂಡರು. ಅದೇ ಕಿರ್ಲೋಸ್ಕರವಾಡಿ. ಈಗ ಅದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ, ಸ್ಟೇಷನ್ನಿಗೂ ಅದೇ ಹೆಸರು ಬಂದಿದೆ.

ಈ 25 ಜನರ ಬಗ್ಗೆ ನಾವು ಬಹಳ ಯೋಚನೆ ಮಾಡಿದ್ದೇವೆ. ಲಕ್ಷ್ಮಣರಾಯರಿಗೆ ಹುಚ್ಚು ಇತ್ತು ಅನ್ನೋಣ, ಇವರಿಗೇನಿತ್ತು? ಬೆಳಗಾವಿಯಂಥ ಊರು ಬಿಟ್ಟು ಹಾವಿನ ಬಯಲಿಗೆ ಯಾಕೆ ಹೋದರು? ಯಜಮಾನ ತಮ್ಮನ್ನು ನಡುದಾರಿಯಲ್ಲಿ ಬಿಡುವುದಿಲ್ಲ ಎಂಬ ನಂಬಿಕೆ ಇದ್ದಿರಬೇಕು. ರಾಜರು ಲಕ್ಷ್ಮಣರಾಯರನ್ನು ನಂಬಿದರು, ಲಕ್ಷ್ಮಣರಾಯರನ್ನು ಈ ಜನ ನಂಬಿದರು. ಅವರೂ ಜನರನ್ನು ಆರಿಸುವಾಗ ಸರ್ಟಿಫಿಕೇಟು ನೋಡಲಿಲ್ಲ. ಲೆಕ್ಕಪತ್ರಕ್ಕೆ ಮಂಗೇಶರಾವ್ ರೇಗೆ, ಯಂತ್ರದ ಕೆಲಸಕ್ಕೆ ಶಂಭೋರಾವ್ ಜಾಂಭೇಕರ್ ಮತ್ತು ಅನಂತರಾವ್ ಫಳಣೀಕರ್, ಎಲ್ಲದಕ್ಕೂ ಮುಂದೆ ನಿಲ್ಲುವ ಕೆ.ಕೆ. ಕುಲಕರ್ಣಿ, ಇವರೇ ಅವರ ಬಲಗೈಗಳು. ಫಳಣೀಕರರು ಶಾಲೆ ಅರ್ಧಕ್ಕೆ ಬಿಟ್ಟವರು, ಕೆಲಸ ಮಾಡುತ್ತಾ ಎಂಜಿನಿಯರ್ ಆದರು. ಇನ್ನೂ ಆಶ್ಚರ್ಯದ ಮಾತೆಂದರೆ ರಾತ್ರಿ ಕಾವಲಿಗೆ ಜೈಲಿಗೆ ಹೋಗಿ ಬಂದವರನ್ನು ನೇಮಿಸಿದ್ದರು. ಆ ವಾಡಿಯಲ್ಲಿ ಅಸ್ಪೃಶ್ಯತೆ ಆಚರಿಸಕೂಡದು ಎಂದು ಕಟ್ಟು ಮಾಡಿದ್ದರು. ನೂರು ವರ್ಷಕ್ಕೂ ಹಿಂದಿನ ಮಾತು ಇದು. ನಮ್ಮ ಊರುಗಳಲ್ಲಿ ಇಂದಿಗೂ ಎಲ್ಲೆಲ್ಲಿ ಏನೇನು ನಡೆಯುತ್ತದೆ ಎಂಬುದು ನಮಗೆಲ್ಲಾ ಗೊತ್ತೇ ಇದೆ.

ಒಂದು ನ್ಯಾಯದ ಮಾತನ್ನೂ ಹೇಳಬೇಕು. ಲಕ್ಷ್ಮಣರಾಯರು ಬರಿಗೈಯವರಾದರೂ ಒಂಟಿಯಲ್ಲ. ಅಣ್ಣ ರಾಮುಅಣ್ಣ ಕೊನೆಯವರೆಗೂ ಬೆನ್ನಿಗೆ ನಿಂತರು. ರಾಧಾಬಾಯಿಯವರು ಆ ಬಯಲಿನಲ್ಲಿ ಸಂಸಾರ ತೂಗಿಸಿದರು. ಓದು ಬರಹ ಬಲ್ಲ ಮನೆತನ, ನಾಲ್ಕು ಜನ ದೊಡ್ಡವರ ಪರಿಚಯ. ರಾಜರ ಹತ್ತಿರ ಹೋಗಿ ಮಾತನಾಡುವ ಅವಕಾಶ ಆ ಕಾಲದ ಒಬ್ಬ ಕಮ್ಮಾರನಿಗೆ ಇತ್ತೇ? ಅವನಿಗೂ ಕೈಯಲ್ಲಿ ಅಷ್ಟೇ ವಿದ್ಯೆ ಇದ್ದೀತು. ಇದನ್ನು ಬಿಟ್ಟು ಬರೀ ಛಲ, ಸಾಹಸ ಎಂದು ಭಾಷಣ ಮಾಡುವುದು ಸುಲಭ.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ಕಬ್ಬಿಣ, ಕಲ್ಲಿದ್ದಲು ಸಿಗದೇ ಹೋದವು. ಆಗ ಕಟ್ಟಿಗೆಯ ಇದ್ದಿಲಿನಿಂದ ಕುಲುಮೆ ನಡೆಸಿದರು. ಕೊಲ್ಲಾಪುರದ ಶಾಹು ಮಹಾರಾಜರು ಹಳೇ ಫಿರಂಗಿಗಳನ್ನು ಕೊಟ್ಟರು, ಅವುಗಳನ್ನು ಕರಗಿಸಿ ನೇಗಿಲು ಮಾಡಿದರು. ಕಾಳಗದ ಫಿರಂಗಿ ಕೊನೆಗೆ ಹೊಲ ಉಳಲಿಕ್ಕೆ ಬಂತು. ಇದನ್ನು ಹೇಳುವಾಗ ಮಾವನವರು ಎರಡು ಸಲ ಹೇಳಿದರು.

ಯುದ್ಧ ಮುಗಿದ ಮೇಲೆ ವ್ಯವಹಾರ ಚೆನ್ನಾಗಿ ಬೆಳೆಯಿತು. 1920ರಲ್ಲಿ ಷೇರು ಕಂಪನಿಯಾಗಿ ರಿಜಿಸ್ಟರ್ ಆಯಿತು. ಅದೇ ವರ್ಷ ಅವರ ಮನೆತನದ ಶಂಕರರಾವ್ ಕಿರ್ಲೋಸ್ಕರರು ಒಂದು ಮರಾಠಿ ಪತ್ರಿಕೆಯನ್ನೂ ಶುರು ಮಾಡಿದರು, ಅದು ಮುಂದೆ ಬಹಳ ಹೆಸರು ಮಾಡಿತು. ಕಬ್ಬಿನ ಗಾಣ, ಶೇಂಗಾ ಒಡೆಯುವ ಯಂತ್ರ, 1926ರಲ್ಲಿ ನೀರೆತ್ತುವ ಸೆಂಟ್ರಿಫ್ಯೂಗಲ್ ಪಂಪು, ಆಮೇಲೆ ಡೀಸೆಲ್ ಎಂಜಿನ್ನು, ಹೀಗೆ ಒಂದೊಂದೇ ಬಂದವು. ಎಲ್ಲವೂ ರೈತನಿಗೆ ಬೇಕಾದವೇ ಎಂಬುದನ್ನು ಗಮನಿಸಬೇಕು. ಮಗ ಶಂತನುರಾಯರು ಅಮೆರಿಕದ ಎಂ.ಐ.ಟಿ.ಯಲ್ಲಿ ಎಂಜಿನಿಯರಿಂಗ್ ಓದಿ 1926ರಲ್ಲಿ ಹಿಂದಿರುಗಿ ಬಂದು ತಂದೆಯ ಜೊತೆ ನಿಂತರು. ಪದವಿ ಇಲ್ಲದ ತಂದೆ, ಅಮೆರಿಕದಲ್ಲಿ ಓದಿದ ಮಗ.

ಇನ್ನು ನಮ್ಮ ಹರಿಹರದ ಮಾತು. 1941ರ ಹೊತ್ತಿಗೆ ಎರಡನೇ ಮಹಾಯುದ್ಧ ನಡೆದಿತ್ತು. ಹೊರದೇಶದಿಂದ ಲೇತ್ ಮುಂತಾದ ಯಂತ್ರಗಳು ಬರುವುದು ಕಷ್ಟವಾಯಿತು. ಇಲ್ಲೇ ತಯಾರಿಸದೆ ಬೇರೆ ದಾರಿ ಇರಲಿಲ್ಲ. ಕೈಗಾರಿಕೆಗಳಿಗೆ ಪ್ರೋತ್ಸಾಹ ಕೊಡುತ್ತಿದ್ದ ಮೈಸೂರು ಸಂಸ್ಥಾನದಲ್ಲಿ ಆ ವರ್ಷ ಮೈಸೂರು ಕಿರ್ಲೋಸ್ಕರ್ ಕಂಪನಿ ಹರಿಹರದಲ್ಲಿ ಹುಟ್ಟಿತು. ಹರಿಹರ ಆಗ ಸಂಸ್ಥಾನದ ಗಡಿ, ತುಂಗಭದ್ರೆ ದಾಟಿದರೆ ಮುಂಬಯಿ ಪ್ರಾಂತ್ಯ. ಬೆಂಗಳೂರಿನಿಂದ ಹುಬ್ಬಳ್ಳಿ, ಪುಣೆಗೆ ಹೋಗುವ ರೈಲು ಊರೊಳಗೇ ಹಾಯುತ್ತಿತ್ತು. ಕುಂಡಲ್ ರೋಡಿನಲ್ಲಿ ನೋಡಿದ ಹಾಗೆ ಇಲ್ಲೂ ಮೊದಲು ರೈಲು ನೋಡಿರಬೇಕು. ಲಕ್ಷ್ಮಣರಾಯರಿಗೆ ಆಗ 72 ವರ್ಷ, ಕೆಲಸವನ್ನೆಲ್ಲಾ ಮುಂದಿನ ತಲೆಮಾರಿನವರೇ ನೋಡಿಕೊಳ್ಳುತ್ತಿದ್ದರು. ಕಾರ್ಖಾನೆಯ ಸುತ್ತ ಬೆಳೆದ ಊರಿಗೆ ಯಂತ್ರಪುರ ಎಂದು ಹೆಸರು ಬಂತು.

ದಾವಣಗೆರೆ ಎಂದರೆ ಹತ್ತಿ ಗಿರಣಿ, ಹರಿಹರ ಎಂದರೆ ಕಿರ್ಲೋಸ್ಕರ್, ಹೀಗೆ ನಮ್ಮ ತಂದೆಯವರ ಕಾಲದಲ್ಲಿ ಮಾತಿತ್ತು. ಈ ಎರಡು ಊರಿನ ನಡುವಿನ ಹಳ್ಳಿಗಳಿಂದ ಬೆಳಗಿನ ಜಾವ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದವರು ಎಷ್ಟೋ ಜನ. ಹರಿಹರದಲ್ಲಿ ತಯಾರಾದ ಲೇತುಗಳಲ್ಲಿ ಒಂದರ ಹೆಸರು ಎಂಟರ್‌ಪ್ರೈಸ್. ಉದ್ಯಮ, ಸಾಹಸ ಎಂದು ಅದರ ಅರ್ಥವಂತೆ. ಆ ಕಾರ್ಖಾನೆ ಈಗ ಇಲ್ಲ, ಮುಚ್ಚಿ ಎಷ್ಟೋ ವರ್ಷವಾಯಿತು. ಲೇತುಗಳು ಮಾತ್ರ ಇನ್ನೂ ಓಡುತ್ತಿವೆ. ಮಾವನವರ ಜೊತೆ ದಾವಣಗೆರೆಯ ಒಂದು ಸಣ್ಣ ವರ್ಕ್‌ಶಾಪಿಗೆ ಹೋದಾಗ ಅಂಥದೊಂದು ಲೇತ್ ಇತ್ತು. ಮಾವ ಅದರ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ನಿಂತರು. ಆ ವರ್ಕ್‌ಶಾಪಿನ ಯಜಮಾನರೂ ಹಿಂದೆ ಹರಿಹರದಲ್ಲಿ ಮಾವನವರ ಜೊತೆ ಕೆಲಸ ಕಲಿತವರೇ. ಇಂಥವರು ದಾವಣಗೆರೆ, ಹರಿಹರಗಳಲ್ಲಿ ಇನ್ನೂ ಹಲವರು ಇದ್ದಾರೆ ಎಂದು ಮಾವ ಹೇಳಿದರು. ಒಬ್ಬರು ಹಚ್ಚಿದ ಕುಲುಮೆಯಿಂದ ಕೆಂಡ ಒಯ್ದು ಇನ್ನೊಬ್ಬರು ತಮ್ಮ ಕುಲುಮೆ ಹಚ್ಚಿಕೊಂಡ ಹಾಗೆ.

ದೇಶಕ್ಕೆ ಸ್ವಾತಂತ್ರ್ಯ ಬರುವ ಹೊತ್ತಿಗೆ, 1946ರಲ್ಲಿ, ಪುಣೆಯಲ್ಲಿ ಆಯಿಲ್ ಎಂಜಿನ್ ಕಾರ್ಖಾನೆ, ಬೆಂಗಳೂರಿನಲ್ಲಿ ವಿದ್ಯುತ್ ಮೋಟರುಗಳ ಕಾರ್ಖಾನೆ ಶುರುವಾದವು. ನಮ್ಮ ಕಡೆಯ ಎಷ್ಟೋ ಬಾವಿಗಳಿಂದ ನೀರೆತ್ತಿದ್ದು ಅಲ್ಲಿಯ ಎಂಜಿನ್ನು, ಮೋಟರುಗಳೇ. ನಮ್ಮ ಅಜ್ಜನವರು ಇಟ್ಟಿದ್ದ ಎಂಜಿನ್ನಿನ ಸದ್ದು ಚಿಕ್ಕಂದಿನಲ್ಲಿ ನಮಗೆ ಜೋಗುಳದ ಹಾಗೆ ಇತ್ತು, ನಿಂತರೆ ಎಚ್ಚರ ಆಗುತ್ತಿತ್ತು.

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು, 87ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ಹುಟ್ಟಿ ನೂರು ವರ್ಷ ತುಂಬಿದ 1969ರಲ್ಲಿ ಭಾರತ ಸರ್ಕಾರ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು. ನಮ್ಮ ಹಿತ್ತಲಿನಲ್ಲಿ ಅಜ್ಜನ ಕಾಲದ ಒಂದು ಕಬ್ಬಿಣದ ನೇಗಿಲು ತುಕ್ಕು ಹಿಡಿದು ಬಿದ್ದಿದೆ. ಟ್ರ್ಯಾಕ್ಟರ್ ಬಂದ ಮೇಲೆ ಅದನ್ನು ಮುಟ್ಟಿದವರಿಲ್ಲ. ಗುಜರಿಯವನು ಎರಡು ಸಲ ಕೇಳಿದ್ದ, ಕೊಟ್ಟಿಲ್ಲ.

ಆ ಹುಡುಗನ ಅರ್ಜಿ ಮತ್ತೆ ಬಂದಿದೆ. ದಾವಣಗೆರೆಯ ಕೆಲಸ ಅವನು ಬಿಟ್ಟೇ ಬಿಟ್ಟಿದ್ದಾನೆ. ಸದ್ಯಕ್ಕೆ ಒಂದು ಹಳೇ ವೆಲ್ಡಿಂಗ್ ಮೆಷಿನ್ನನ್ನು ಬಾಡಿಗೆಗೆ ತಂದು ಮನೆ ಮುಂದಿನ ತಗಡಿನ ಚಪ್ಪರದಲ್ಲಿ ಕೆಲಸ ಮಾಡುತ್ತಿದ್ದಾನೆ. ಹೋದ ತಿಂಗಳು ಮೆಕ್ಕೆಜೋಳ ತುಂಬಿಕೊಂಡು ಮಾರ್ಕೆಟ್ಟಿಗೆ ಹೊರಟ ನಮ್ಮ ಟ್ರೇಲರಿನ ಕೊಂಡಿ ಕಿತ್ತುಹೋದಾಗ ರಾತ್ರಿ ಹತ್ತು ಗಂಟೆಗೆ ಎದ್ದು ಬಂದು ಬೆಸುಗೆ ಹಾಕಿಕೊಟ್ಟ. ಹೋದ ಸಲ ನಾವು ಯಾವ ಕಡೆಗೆ ಕೈ ಎತ್ತಿದ್ದೆವು ಎಂಬುದು ಅವನಿಗೆ ಗೊತ್ತು. ಕೂಲಿ ಎಷ್ಟು ಎಂದು ಕೇಳಿದರೆ ಮಾಮೂಲಿ ಕೂಲಿಯನ್ನೇ ಹೇಳಿದ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಬೆಳ್ಳಿಹಬ್ಬ ಮುಗಿದ ಮೇಲಿನ ಮೊದಲ ಸಭೆಯಲ್ಲಿ ಅವನ ಅರ್ಜಿ ನಾಲ್ಕನೇ ವಿಷಯವಾಗಿ ಚರ್ಚೆಗೆ ಬರುತ್ತದೆ. ಜಮೀನಿನ ಬದಲು ಕೊಳ್ಳುವ ಯಂತ್ರವನ್ನೇ ಆಧಾರವಾಗಿ ಇಟ್ಟುಕೊಂಡು ಸಾಲ ಕೊಡಲು ನಮ್ಮ ಬೈಲಾದಲ್ಲಿ ಅವಕಾಶ ಇದೆಯೇ ಎಂದು ನೋಡಿಡುವಂತೆ ಕಾರ್ಯದರ್ಶಿಗಳಿಗೆ ತಿಳಿಸಿದ್ದೇವೆ. ಲೇತ್ ಹೊಸದು ಬೇಡ, ಹಳೆಯದಾದರೆ ಸಾಕು ಎಂದು ಈ ಸಲದ ಅರ್ಜಿಯಲ್ಲಿ ಬರೆದಿದ್ದಾನೆ. ಹಳೇ ಲೇತ್ ನೋಡಿ ಬೆಲೆ ಕಟ್ಟಲು ಬರುವುದಾಗಿ ಪಿ.ಜೆ. ಬಡಾವಣೆಯಿಂದ ಮಾವನವರು ಫೋನ್ ಮಾಡಿ ಹೇಳಿದ್ದಾರೆ. ಬಸ್ಸಿನಲ್ಲಿ ಬರಲು ಅವರಿಗೆ ಆಗುವುದಿಲ್ಲ, ನಾವೇ ಹೋಗಿ ಕರೆದುಕೊಂಡು ಬರಬೇಕು.